ಎರಡು ರುಜುಗಳ ಕಾಗದ: ಅಮೆರಿಕದ ವಲಸೆ ಕಾಯಿದೆ ಮತ್ತು ಪರದೇಶದ ಪತ್ನಿ

ಅಮೆರಿಕದ ವಲಸೆ ಇಲಾಖೆ ಬಳಸುವ ಅನೇಕ ಅರ್ಜಿ ನಮೂನೆಗಳಲ್ಲಿ ಐ-751 ಎಂಬುದೂ ಒಂದು. ಹೊರದೇಶದ ಹೆಣ್ಣುಮಗಳೊಬ್ಬಳು ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಅಲ್ಲಿಗೆ ಹೋದಳೆನ್ನಿ. ಮದುವೆಯಾಗಿ ಇನ್ನೂ ಎರಡು ವರ್ಷ ತುಂಬಿರದಿದ್ದರೆ ಆಕೆಗೆ ಮೊದಲು ಸಿಗುವುದು ಷರತ್ತಿಗೆ ಒಳಪಟ್ಟ, ಎರಡೇ ವರ್ಷದ ವಾಸದ ಪರವಾನಗಿ. ಆ ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಈ ನಮೂನೆಯನ್ನು ತುಂಬಿ ಕಳುಹಿಸಿ, ಅದು ಒಪ್ಪಿಗೆಯಾದರೆ ಷರತ್ತು ಹೋಗಿ ಪರವಾನಗಿ ಕಾಯಂ ಆಗುತ್ತದೆ. ಕಳುಹಿಸದೆ ಹೋದರೆ ಪರವಾನಗಿಯೇ ರದ್ದಾಗಿ, ದೇಶದಿಂದ ಹೊರಹಾಕುವ ಕ್ರಮ ಆರಂಭವಾಗಬಹುದು. ಸಾಮಾನ್ಯ ನಿಯಮದಂತೆ ಈ ಅರ್ಜಿಯನ್ನು ಹೆಂಡತಿ ಒಬ್ಬಳೇ ಕಳುಹಿಸುವಂತಿಲ್ಲ. ಅದರಲ್ಲಿ ಎರಡು ರುಜುಗಳಿರಬೇಕು: ಒಂದು ಆಕೆಯದು, ಇನ್ನೊಂದು ಗಂಡನದು.

ಆ ಗಂಡ ಆಕೆಯನ್ನು ಹೊಡೆಯುವವನಾಗಿದ್ದರೆ ಏನಾಗುತ್ತದೆ? ಪೊಲೀಸರಿಗೆ ಫೋನ್ ಮಾಡಿದರೆ ಆತ ರುಜು ಹಾಕುವುದಿಲ್ಲ. ಮನೆ ಬಿಟ್ಟು ಹೋದರೂ ಹಾಕುವುದಿಲ್ಲ. ರುಜು ಬೇಕೆಂದರೆ ಎರಡು ವರ್ಷ ಸುಮ್ಮನಿರಬೇಕು. ನಾವು ಇಲ್ಲಿ ನೋಡಲಿರುವುದು ಈ ಎರಡನೆಯ ರುಜುವಿನ ಇತಿಹಾಸ. ಅದು ಎಲ್ಲಿಂದ ಬಂತು, ಅದಿಲ್ಲದೆಯೂ ಹೆಣ್ಣೊಬ್ಬಳು ರಕ್ಷಣೆ ಕೇಳಬಹುದೆಂದು ಕಾಯಿದೆ ಯಾವಾಗ ಒಪ್ಪಿತು, ಒಪ್ಪಿದ ಮೇಲೂ ಎಷ್ಟು ಸಲ ಹಿಂದೆಮುಂದೆ ಆಯಿತು ಎಂಬುದನ್ನು ತಿಳಿದುಕೊಂಡರೆ, ಕಾಯಿದೆಯ ಒಂದು ಸಾಲು ಮನೆಯೊಳಗಿನ ಬದುಕನ್ನು ಹೇಗೆ ಮುಟ್ಟುತ್ತದೆ ಎಂಬುದು ನಿಮಗೆ ಸ್ಪಷ್ಟವಾಗುತ್ತದೆ. ಕಾಯಿದೆಯಲ್ಲಿ ಗಂಡ ಹೆಂಡತಿ ಎಂಬ ಭೇದ ಇಂದು ಇಲ್ಲ. ಪುರುಷರೂ ಈ ಸಂಕಟಕ್ಕೆ ಸಿಕ್ಕಿದ್ದುಂಟು. ಆದರೂ ಹೆಚ್ಚಾಗಿ ಸಿಕ್ಕವರು ಹೆಂಗಸರೇ.

ಇದರ ಬೇರು ಹಳೆಯ ಇಂಗ್ಲಿಷ್ ನ್ಯಾಯಪದ್ಧತಿಯಲ್ಲಿದೆ. ಮದುವೆಯಾದ ಮೇಲೆ ಗಂಡ ಹೆಂಡತಿ ಕಾನೂನಿನ ಕಣ್ಣಿಗೆ ಒಬ್ಬನೇ ವ್ಯಕ್ತಿ, ಆ ವ್ಯಕ್ತಿ ಗಂಡ, ಎಂಬ ತತ್ವವನ್ನು 18ನೆಯ ಶತಮಾನದಲ್ಲಿ ಬ್ಲಾಕ್‌ಸ್ಟನ್ ಎಂಬ ನ್ಯಾಯಶಾಸ್ತ್ರಜ್ಞ ವಿವರಿಸಿ ಬರೆದ. ಅಮೆರಿಕವು ಬ್ರಿಟಿಷರಿಂದ ಸ್ವತಂತ್ರವಾಯಿತೇ ಹೊರತು ಈ ತತ್ವದಿಂದ ಬಹುಕಾಲ ಸ್ವತಂತ್ರವಾಗಲಿಲ್ಲ. 1855ರ ಕಾಯಿದೆಯಂತೆ ಅಮೆರಿಕನ್ನನನ್ನು ಮದುವೆಯಾದ ಅರ್ಹ ವಿದೇಶಿ ಮಹಿಳೆ ತಾನಾಗಿಯೇ ಅಮೆರಿಕದ ಪ್ರಜೆಯಾಗುತ್ತಿದ್ದಳು. 1907ರ ಕಾಯಿದೆಯಂತೆ ವಿದೇಶಿಯನನ್ನು ಮದುವೆಯಾದ ಅಮೆರಿಕದ ಮಹಿಳೆ ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. ಹೆಂಡತಿಯ ದೇಶ ಯಾವುದೆಂದರೆ ಗಂಡನ ದೇಶ, ಅಷ್ಟೆ. 1922ರ ಕೇಬಲ್ ಕಾಯಿದೆ ಈ ಗಂಟನ್ನು ಸಡಿಲಿಸಿತು, ಆದರೆ ಪೂರ್ತಿ ಬಿಚ್ಚಲಿಲ್ಲ. ಅಮೆರಿಕದ ಪ್ರಜೆಯಾಗಲು ಅರ್ಹನಲ್ಲದವನನ್ನು ಮದುವೆಯಾದವಳಿಗೆ ಹಳೆಯ ಶಿಕ್ಷೆಯೇ ಮುಂದುವರಿಯಿತು. ಮರುವರ್ಷ, 1923ರಲ್ಲಿ, ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರು ಹಾಗೆ ಅರ್ಹರಲ್ಲ ಎಂದು ತೀರ್ಪು ಕೊಟ್ಟಿತು. (ಈ ಥಿಂದ್ ಬೇರೆ, ನಮ್ಮ ಕ್ರಾಂತಿಕಾರಿ ಭಗತ್ ಸಿಂಗ್ ಬೇರೆ.) ಸ್ವಾತಂತ್ರ್ಯ ಹೋರಾಟಗಾರ ತಾರಕನಾಥ ದಾಸರ ಪತ್ನಿ ಮೇರಿ ಕೀಟಿಂಜ್ ದಾಸ್ ಅಮೆರಿಕದಲ್ಲೇ ಹುಟ್ಟಿದವರು. ಭಾರತೀಯನನ್ನು ಮದುವೆಯಾದದ್ದಕ್ಕಾಗಿ ಅವರು ಯಾವ ದೇಶಕ್ಕೂ ಸೇರದವರಾದರು. ಈ ಕಲಮು ಹೋದದ್ದು 1931ರಲ್ಲಿ.

1952ರ ವಲಸೆ ಕಾಯಿದೆ ‘ಹೆಂಡತಿ’ ಎಂದು ಬರೆಯುತ್ತಿದ್ದ ಕಡೆ ‘ದಂಪತಿಗಳಲ್ಲಿ ಒಬ್ಬರು’ ಎಂಬ ಅರ್ಥದ ಪದವನ್ನು ತಂದಿತು. ಪದ ಬದಲಾಯಿತು, ವ್ಯವಸ್ಥೆ ಬದಲಾಗಲಿಲ್ಲ. ಅಲ್ಲಿ ಈಗಾಗಲೇ ನೆಲೆಸಿರುವವನು ಅರ್ಜಿ ಹಾಕಬೇಕು. ಬರಲಿರುವವಳು ಆ ಅರ್ಜಿಯಲ್ಲಿ ಒಂದು ಹೆಸರು ಮಾತ್ರ. ಅರ್ಜಿದಾರ ಮನಸ್ಸು ಬದಲಿಸಿದರೆ ಅರ್ಜಿಯನ್ನು ಹಿಂದಕ್ಕೆ ಪಡೆಯಬಹುದು. 1965ರ ಕಾಯಿದೆ ಏಷ್ಯಾದವರಿಗೆ ಬಾಗಿಲು ತೆರೆದ ಮೇಲೆ ಭಾರತದಿಂದ ವೈದ್ಯರೂ ಎಂಜಿನಿಯರುಗಳೂ ಹೋದರು. ಹಲವರ ಹಿಂದೆ ಮದುವೆಯಾಗಿ ಹೋದ ಹೆಣ್ಣುಮಕ್ಕಳಿದ್ದರು. ಅವರ ಕಾಗದಪತ್ರ ಇದ್ದದ್ದು ಈ ವ್ಯವಸ್ಥೆಯೊಳಗೆ.

ಇನ್ನು 1986ಕ್ಕೆ ಬರೋಣ. ಆಗ ಅಮೆರಿಕದಲ್ಲಿ ಗ್ರೀನ್ ಕಾರ್ಡಿಗಾಗಿ ನಡೆಯುವ ಸುಳ್ಳು ಮದುವೆಗಳ ಬಗ್ಗೆ ದೊಡ್ಡ ಗದ್ದಲವಿತ್ತು. 1985ರಲ್ಲಿ ವಲಸೆ ಇಲಾಖೆಯ ಅಂದಿನ ಮುಖ್ಯಸ್ಥರು ಸೆನೆಟ್ಟಿನ ಉಪಸಮಿತಿಯ ಮುಂದೆ, ಇಂಥ ಮದುವೆಗಳಲ್ಲಿ ಶೇಕಡಾ 30ರಷ್ಟು ಸಂಶಯಾಸ್ಪದ ಎಂದರು. ಮೋಸದ ಮದುವೆಗಳು ಇದ್ದವು, ಅದರಲ್ಲಿ ಅನುಮಾನವಿಲ್ಲ. ಆದರೆ ಈ ಸಂಖ್ಯೆ ಅಧಿಕಾರಿಗಳಿಗೆ ಶಂಕೆ ಬಂದ ಪ್ರಕರಣಗಳದ್ದೇ ಹೊರತು ಸಾಬೀತಾದ ಮೋಸಗಳದ್ದಲ್ಲ ಎಂಬುದು ಆಮೇಲೆ ನ್ಯಾಯಾಲಯದ ಕಲಾಪಗಳಲ್ಲಿ ಹೊರಬಂತು. ಅಷ್ಟು ಹೊತ್ತಿಗೆ ಕಾಯಿದೆ ಆಗಿಹೋಗಿತ್ತು. ಅಂಕಿಅಂಶ ಕಂಡ ಕೂಡಲೇ ‘ಯಾವುದನ್ನು ಎಣಿಸಿದರು?’ ಎಂದು ಕೇಳುವ ಅಭ್ಯಾಸವನ್ನು ಇತಿಹಾಸದ ವಿದ್ಯಾರ್ಥಿಗಳಾದ ನೀವು ಬೆಳೆಸಿಕೊಳ್ಳಬೇಕು. ಈ ಸಂದರ್ಭದಲ್ಲಿ ಹಾಗೆ ಕೇಳಿದವರು ಕಡಿಮೆ.

1986ರ ನವೆಂಬರ್ 10ರಂದು ಅಧ್ಯಕ್ಷ ರೇಗನ್ ಅಂಕಿತ ಹಾಕಿದ ವಿವಾಹ ವಂಚನೆ ತಿದ್ದುಪಡಿ ಕಾಯಿದೆಯಿಂದ ಎರಡು ವರ್ಷಗಳ ಷರತ್ತೂ ಎರಡು ರುಜುಗಳ ನಿಯಮವೂ ಬಂದವು. ಕಾಯಿದೆಯಲ್ಲಿ ವಿನಾಯಿತಿಗಳು ಇರಲಿಲ್ಲವೆಂದಲ್ಲ. ಹೊರಹಾಕಿದರೆ ತೀವ್ರ ಕಷ್ಟವಾಗುತ್ತದೆ ಎಂದು ತೋರಿಸಿದವರಿಗೆ ಒಂದು ವಿನಾಯಿತಿ ಇತ್ತು. ಮದುವೆ ಪ್ರಾಮಾಣಿಕವಾಗಿಯೇ ನಡೆದು ಆಮೇಲೆ ಮುರಿದಿದ್ದರೆ ಇನ್ನೊಂದು ವಿನಾಯಿತಿ ಇತ್ತು. ಆದರೆ ಈ ಎರಡನೆಯದರ ಮಾತುಗಳನ್ನು ಗಮನವಿಟ್ಟು ಓದಬೇಕು: ಮದುವೆಯನ್ನು ಕೊನೆಗೊಳಿಸಿದವರು ಪರದೇಶದಿಂದ ಬಂದವರೇ ಆಗಿರಬೇಕು, ಅದೂ ತಕ್ಕ ಕಾರಣಕ್ಕಾಗಿ. ಅಂದರೆ ಗಂಡನೇ ಮೊದಲು ಹೋಗಿ ವಿಚ್ಛೇದನ ಪಡೆದುಬಿಟ್ಟರೆ ಹೆಂಡತಿಗೆ ಆ ವಿನಾಯಿತಿ ಇಲ್ಲ. ನ್ಯಾಯಾಲಯದ ಮೆಟ್ಟಿಲನ್ನು ಮೊದಲು ಹತ್ತಿದವರಿಗೆ ಗೆಲುವು. ವಕೀಲರನ್ನು ಬಲ್ಲವನು ಯಾರು, ಕಾರು ಓಡಿಸಬಲ್ಲವನು ಯಾರು, ಬ್ಯಾಂಕಿನ ಖಾತೆ ಯಾರ ಹೆಸರಿನಲ್ಲಿದೆ? ಹೊಸದಾಗಿ ಬಂದ ಹೆಣ್ಣಿಗೆ ಈ ಓಟದಲ್ಲಿ ಗೆಲ್ಲುವ ಸಾಧ್ಯತೆ ಎಷ್ಟಿತ್ತೆಂದು ನೀವೇ ಊಹಿಸಿ. ಹಿಂಸೆ ಎಂಬ ಪದ ಈ ವಿನಾಯಿತಿಗಳಲ್ಲಿ ಎಲ್ಲೂ ಇರಲಿಲ್ಲ. ಮೋಸವನ್ನು ಹಿಡಿಯಬೇಕೆಂದು ಬರೆದವರ ಮನಸ್ಸಿಗೆ, ಮೋಸ ಮಾಡದೆ ಮದುವೆಯಾಗಿ ಏಟು ತಿನ್ನುವವಳ ಚಿತ್ರವೇ ಬಂದಿರಲಿಲ್ಲ ಎಂದು ತೋರುತ್ತದೆ.

ಆ ಚಿತ್ರವನ್ನು ಮುಂದಿಟ್ಟವರು ಊರೂರಿನ ಮಹಿಳಾ ಸಂಘಟನೆಗಳು. ನ್ಯೂಜೆರ್ಸಿಯಲ್ಲಿ 1985ರಲ್ಲಿ ‘ಮಾನವಿ’ ಆರಂಭವಾಯಿತು. ಅಮೆರಿಕದಲ್ಲಿ ದಕ್ಷಿಣ ಏಷ್ಯಾದ ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧ ಹುಟ್ಟಿದ ಮೊದಲ ಸಂಘಟನೆ ಅದು. 1989ರಲ್ಲಿ ನ್ಯೂಯಾರ್ಕಿನಲ್ಲಿ ‘ಸಖಿ’ ಹುಟ್ಟಿತು. 1990ರ ದಶಕದ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಪ್ರದೇಶದಲ್ಲಿ ‘ಮೈತ್ರಿ’ ಮತ್ತು ‘ನಾರಿಕಾ’ ಬಂದವು. ಪರದೇಶದಲ್ಲಿ ನಮ್ಮವರ ಮಾನ ಹೋಗುತ್ತದೆ, ಮನೆಯ ಮಾತು ಮನೆಯಲ್ಲಿರಲಿ ಎಂದು ಸಮುದಾಯದ ಹಿರಿಯರು ಹೇಳುವ ಕಾಲ ಅದು. ಅದನ್ನು ಕೇಳದೆ ಫೋನಿನ ಪಕ್ಕ ಕುಳಿತ ಈ ಮಹಿಳೆಯರಿಗೆ ಒಂದು ಸಂಗತಿ ಬೇಗ ಅರ್ಥವಾಯಿತು: ಬೆದರಿಕೆಗೆ ಕೈ ಎತ್ತಬೇಕಾಗಿಯೇ ಇರಲಿಲ್ಲ. ‘ನಿನ್ನನ್ನು ವಾಪಸು ಕಳಿಸಿಬಿಡುತ್ತೇನೆ’ ಎಂದರೆ ಸಾಕಾಗುತ್ತಿತ್ತು.

1990ರಲ್ಲಿ ಮೊದಲ ತಿದ್ದುಪಡಿ ಬಂತು. ನ್ಯೂಯಾರ್ಕಿನ ಕಾಂಗ್ರೆಸ್ ಸದಸ್ಯೆ ಲೂಯಿಸ್ ಸ್ಲಾಟರ್ ಇದಕ್ಕಾಗಿ ಶ್ರಮಿಸಿದವರಲ್ಲಿ ಪ್ರಮುಖರು. ಆ ವರ್ಷದ ವಲಸೆ ಕಾಯಿದೆಯಂತೆ, ದೈಹಿಕ ಹಿಂಸೆ ಅಥವಾ ತೀವ್ರ ಕ್ರೌರ್ಯಕ್ಕೆ ಗುರಿಯಾದ ಪತ್ನಿ ಗಂಡನ ರುಜುವಿಲ್ಲದೆಯೇ ಐ-751 ಸಲ್ಲಿಸಬಹುದಾಯಿತು. ವಿಚ್ಛೇದನಕ್ಕೆ ಯಾರು ಮೊದಲು ಹೋದರೆಂಬ ಓಟದ ನಿಯಮವೂ ಹೋಯಿತು. ಆದರೆ 1991ರಲ್ಲಿ ವಲಸೆ ಇಲಾಖೆ ಇದಕ್ಕೆ ನಿಯಮಾವಳಿ ರಚಿಸಿ, ಮಾನಸಿಕ ಕ್ರೌರ್ಯವನ್ನು ಸಾಬೀತುಪಡಿಸಲು ಪರವಾನಗಿ ಪಡೆದ ಮನಃಶಾಸ್ತ್ರ ತಜ್ಞರ ಪ್ರಮಾಣಪತ್ರ ತರಬೇಕೆಂದಿತು. ಇಂಗ್ಲಿಷ್ ಬಾರದ, ಕೈಯಲ್ಲಿ ಹಣವಿಲ್ಲದ ಹೆಂಗಸು ತನ್ನ ಭಾಷೆ ಬಲ್ಲ ತಜ್ಞರನ್ನು ಹುಡುಕಿ, ಶುಲ್ಕ ಕೊಟ್ಟು, ತನಗಾದದ್ದನ್ನು ಬರೆಸಿಕೊಂಡು ಬರಬೇಕು. ಕಾಯಿದೆ ತೆರೆದ ಬಾಗಿಲಿಗೆ ನಿಯಮಾವಳಿ ಚಿಲಕ ಹಾಕಿತು.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಐ-751 ಸಲ್ಲಿಸುವವಳಿಗೆ ಷರತ್ತಿನ ಪರವಾನಗಿಯಾದರೂ ಇರುತ್ತದೆ. ಗಂಡ ಮೊದಲ ಅರ್ಜಿಯನ್ನೇ ಹಾಕದಿದ್ದರೆ? ಪ್ರವಾಸಿ ವೀಸಾದಲ್ಲೋ ವಿದ್ಯಾರ್ಥಿ ವೀಸಾದಲ್ಲೋ ಇದ್ದ ಹೆಂಡತಿಗೆ ‘ನಾಳೆ ಹಾಕೋಣ, ನಾಡಿದ್ದು ಹಾಕೋಣ’ ಎನ್ನುತ್ತ ವೀಸಾದ ಅವಧಿ ಮುಗಿಯಲು ಬಿಟ್ಟರೆ ಆಕೆ ಅಕ್ರಮ ನಿವಾಸಿಯಾಗುತ್ತಾಳೆ. ಆಮೇಲೆ ಅದೇ ಗಂಡ ಅದನ್ನೇ ಹೇಳಿ ಹೆದರಿಸುತ್ತಾನೆ. 1990ರ ವಿನಾಯಿತಿ ಈಕೆಯ ಹತ್ತಿರಕ್ಕೂ ಬರಲಿಲ್ಲ.

ಈಕೆಯನ್ನು ಮುಟ್ಟಿದ್ದು 1994ರ ಸೆಪ್ಟೆಂಬರ್ 13ರಂದು ಅಧ್ಯಕ್ಷ ಕ್ಲಿಂಟನ್ ಅಂಕಿತ ಹಾಕಿದ ಮಹಿಳಾ ದೌರ್ಜನ್ಯ ತಡೆ ಕಾಯಿದೆ. ಜೋ ಬೈಡನ್ ಸೆನೆಟರ್ ಆಗಿದ್ದಾಗ 1990ರಲ್ಲಿ ಮಂಡಿಸಿದ್ದ ಮಸೂದೆ ನಾಲ್ಕು ವರ್ಷ ಅಲೆದು ಕೊನೆಗೆ ಒಂದು ದೊಡ್ಡ ಅಪರಾಧ ನಿಯಂತ್ರಣ ಕಾಯಿದೆಯ ಭಾಗವಾಗಿ ಬಂತು. ವಲಸಿಗರಿಗೆ ಸಂಬಂಧಿಸಿದ ಮಾತುಗಳು ಅದರಲ್ಲಿ ಸ್ವಲ್ಪವೇ ಇದ್ದರೂ ಅವು ಶತಮಾನದ ಹಿಂದಿನ ತತ್ವವನ್ನು ಮುರಿದವು. ಪ್ರಜೆಯ ಅಥವಾ ಗ್ರೀನ್ ಕಾರ್ಡು ಪಡೆದವನ ಪತ್ನಿ, ಹಿಂಸೆಗೆ ಗುರಿಯಾಗಿದ್ದರೆ, ತನ್ನ ಅರ್ಜಿಯನ್ನು ತಾನೇ ಹಾಕಬಹುದು. ಗಂಡನಿಗೆ ತಿಳಿಸಬೇಕಾಗಿಲ್ಲ. ತಜ್ಞರ ಪ್ರಮಾಣಪತ್ರವೇ ಬೇಕೆಂದಿಲ್ಲ. ನೆರೆಯವರ ಹೇಳಿಕೆ, ಆಸ್ಪತ್ರೆಯ ಚೀಟಿ, ಆಶ್ರಯಧಾಮದವರ ಪತ್ರ, ನಂಬಲರ್ಹವಾದ ಯಾವ ಪುರಾವೆಯನ್ನಾದರೂ ಅಧಿಕಾರಿ ಪರಿಶೀಲಿಸಲೇಬೇಕು. ಅಮೆರಿಕದ ವಲಸೆ ಕಾಯಿದೆಯಲ್ಲಿ ಹಿಂಸೆಗೊಳಗಾದ ಪತ್ನಿ ಅರ್ಜಿದಾರಳಾದದ್ದು ಆಗ.

ಇಲ್ಲಿ ಒಂದು ವಿಷಯವನ್ನು ಹೇಳಿಬಿಡುತ್ತೇನೆ. ಕಾಯಿದೆಗಳ ಇತಿಹಾಸ ಓದುವಾಗ ನಾವು ಸಾಮಾನ್ಯವಾಗಿ ಅಂಕಿತದ ದಿನಾಂಕವನ್ನು ಗುರುತು ಹಾಕಿಕೊಂಡು ಮುಂದೆ ಹೋಗುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಕಾಯಿದೆ ಜಾರಿಗೆ ಬರಲು ನಿಯಮಾವಳಿ ಬೇಕು, ನಿಯಮಾವಳಿಯ ಜೊತೆ ಅರ್ಜಿ ನಮೂನೆ ಬೇಕು. 1994ರ ಕಾಯಿದೆಗೆ ನಿಯಮಾವಳಿ ಬಂದದ್ದು 1996ರ ಮಾರ್ಚಿನಲ್ಲಿ. ಈ ಅಂತರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದು ಇನ್ನೂ ದೊಡ್ಡದಾಗುತ್ತದೆ.

1996 ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡ ವರ್ಷ. ಆಗಸ್ಟಿನಲ್ಲಿ ಬಂದ ಕಲ್ಯಾಣ ಕಾರ್ಯಕ್ರಮಗಳ ಕಾಯಿದೆ ಬಹುಪಾಲು ವಲಸಿಗರಿಗೆ, ಸಕ್ರಮವಾಗಿ ನೆಲೆಸಿದವರಿಗೂ, ಆಹಾರ ನೆರವಿನಂಥ ಸರ್ಕಾರಿ ಸಹಾಯಗಳನ್ನು ನಿಲ್ಲಿಸಿತು. ಗಂಡನ ಮನೆ ಬಿಟ್ಟವಳು ಮೊದಲ ತಿಂಗಳು ಏನು ತಿನ್ನಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ಬಹಳ ಜನ ಅದೇ ಪ್ರಶ್ನೆಗೆ ಉತ್ತರ ಸಿಗದೆ ಹಿಂದಿರುಗುತ್ತಾರೆ. ಮರು ತಿಂಗಳು ಬಂದ ವಲಸೆ ಕಾಯಿದೆ ಹಿಂಸೆಗೊಳಗಾದವರಿಗೆ ಆ ನೆರವಿನ ಕೆಲವು ಭಾಗವನ್ನು ಮತ್ತೆ ತೆರೆಯಿತು. ಹಿಂಸಿಸಿದವನು ಕೊಟ್ಟ ಮಾಹಿತಿಯೊಂದನ್ನೇ ನಂಬಿ ಅಧಿಕಾರಿಗಳು ಆಕೆಯ ವಿರುದ್ಧ ನಿರ್ಧಾರ ಮಾಡಬಾರದು, ಆಕೆಯ ಅರ್ಜಿಯ ಗುಟ್ಟನ್ನು ಆತನಿಗೆ ಬಿಟ್ಟುಕೊಡಬಾರದು ಎಂಬ ನಿಯಮವೂ ಅದರಲ್ಲೇ ಬಂತು. ಆದರೆ ಕೌಟುಂಬಿಕ ಹಿಂಸೆಯ ಅಪರಾಧಕ್ಕೆ ಶಿಕ್ಷೆಯಾದ ವಲಸಿಗನನ್ನು ದೇಶದಿಂದ ಹೊರಹಾಕಬಹುದು ಎಂಬ ಕಲಮನ್ನೂ ಅದೇ ಕಾಯಿದೆ ಸೇರಿಸಿತು. ಕೇಳಲು ಇದು ಮಹಿಳೆಯರ ಪರವಾಗಿಯೇ ಕಾಣುತ್ತದೆ. ಗಂಡನ ಗ್ರೀನ್ ಕಾರ್ಡಿನ ಆಧಾರದ ಮೇಲೆ ತನ್ನ ಅರ್ಜಿ ಹಾಕಬೇಕಾದವಳ ಸ್ಥಿತಿಯನ್ನು ಯೋಚಿಸಿ. ಆಕೆ ದೂರು ಕೊಟ್ಟಳು, ಗಂಡನಿಗೆ ಶಿಕ್ಷೆಯಾಯಿತು, ಗ್ರೀನ್ ಕಾರ್ಡು ಹೋಯಿತು. ಅದರೊಂದಿಗೆ ಆಕೆಯ ಅರ್ಜಿಯ ಆಧಾರವೂ ಹೋಯಿತು. ದೂರು ಕೊಟ್ಟದ್ದಕ್ಕೆ ಬೆಲೆ ತೆತ್ತವಳು ಆಕೆಯೇ.

2000ದ ಅಕ್ಟೋಬರ್ 28ರ ಕಾಯಿದೆ ಈ ಗಂಟನ್ನು ಬಿಡಿಸಿತು. ಹಿಂಸೆಯ ಕಾರಣದಿಂದಲೇ ಗಂಡ ತನ್ನ ಸ್ಥಾನ ಕಳೆದುಕೊಂಡಿದ್ದರೆ, ಅಥವಾ ಹಿಂಸೆಯ ಕಾರಣದಿಂದ ವಿಚ್ಛೇದನವಾಗಿದ್ದರೆ, ಎರಡು ವರ್ಷದೊಳಗೆ ಅರ್ಜಿ ಹಾಕಬಹುದಾಯಿತು. ಹೊರಹಾಕಿದರೆ ತೀವ್ರ ಕಷ್ಟವಾಗುತ್ತದೆಂದು ಸಾಬೀತುಮಾಡುವ ಹೊರೆಯನ್ನೂ ಸ್ವಂತ ಅರ್ಜಿಯಿಂದ ತೆಗೆದುಹಾಕಿದರು. ಇದೇ ಕಾಯಿದೆ ‘ಯು ವೀಸಾ’ ಎಂಬ ಹೊಸ ದಾರಿಯನ್ನು ತೆರೆಯಿತು. ಕೌಟುಂಬಿಕ ಹಿಂಸೆಯೂ ಸೇರಿದಂತೆ ಕೆಲವು ಅಪರಾಧಗಳಿಗೆ ಗುರಿಯಾಗಿ ತನಿಖೆಗೆ ನೆರವಾದವರಿಗೆ ಇದು ಸಿಗುತ್ತದೆ. ಗಂಡ ಪ್ರಜೆಯೇ ಗ್ರೀನ್ ಕಾರ್ಡಿನವನೇ ಎಂದು ಕೇಳುವುದಿಲ್ಲ, ಮದುವೆಯಾಗಿರಬೇಕೆಂದೂ ಇಲ್ಲ. ಗಂಡನ ರುಜುವಿನ ಬದಲು ಬೇಕಾದದ್ದು ಪೊಲೀಸ್ ಅಥವಾ ಅಂಥ ಅಧಿಕಾರಿಯ ರುಜು: ಈಕೆ ನಮಗೆ ಸಹಕರಿಸಿದ್ದಾಳೆ ಎಂಬ ದೃಢೀಕರಣ. ಅದನ್ನು ಕೊಡಲೇಬೇಕೆಂದು ಅವರ ಮೇಲೆ ಒತ್ತಾಯವಿಲ್ಲ. ಒಂದು ಊರಿನ ಠಾಣೆ ಕೊಡುತ್ತದೆ, ಪಕ್ಕದ ಊರಿನದು ಕೊಡುವುದಿಲ್ಲ.

ವರ್ಷಕ್ಕೆ 10,000 ಯು ವೀಸಾಗಳೆಂದು ಕಾಯಿದೆ ಮಿತಿ ಹಾಕಿತು. ನಿಯಮಾವಳಿ ಬಂದದ್ದು 2007ರ ಸೆಪ್ಟೆಂಬರಿನಲ್ಲಿ, ಅಂಕಿತವಾದ ಏಳು ವರ್ಷಕ್ಕೆ. 2010ರಲ್ಲಿ ಮೊದಲ ಬಾರಿಗೆ ಮಿತಿ ಮುಟ್ಟಿತು. ಆಮೇಲೆ ಬಾಕಿ ಅರ್ಜಿಗಳ ಸಂಖ್ಯೆ ಒಂದು ಲಕ್ಷ ಮೀರಿ ಬೆಳೆಯಿತು. ಸಂಖ್ಯೆಗಳನ್ನು ನೀವೇ ಭಾಗಿಸಿ ನೋಡಿದರೆ ಸರದಿಯ ಕೊನೆಯಲ್ಲಿ ನಿಂತವಳು ಎಷ್ಟು ವರ್ಷ ಕಾಯಬೇಕೆಂದು ತಿಳಿಯುತ್ತದೆ.

ಗಂಡನ ಹಿಂಸೆಯಿಂದ ಓಡಿಬಂದು ಅಮೆರಿಕದ ಗಡಿಯಲ್ಲಿ ಆಶ್ರಯ ಕೇಳುವ ಹೆಂಗಸರ ಕಥೆ ಬೇರೆಯೇ. ಗ್ವಾಟೆಮಾಲದ ರೋಡಿ ಆಲ್ವರಾಡೊ ಅವರ ಪ್ರಕರಣ ಪ್ರಸಿದ್ಧವಾದದ್ದು. 1996ರಲ್ಲಿ ವಲಸೆ ನ್ಯಾಯಾಧೀಶರು ಅವರಿಗೆ ಆಶ್ರಯ ಕೊಟ್ಟರು, 1999ರಲ್ಲಿ ಮೇಲ್ಮನವಿ ಮಂಡಳಿ ಕಿತ್ತುಕೊಂಡಿತು, 2001ರಲ್ಲಿ ಅಟಾರ್ನಿ ಜನರಲ್ ಆ ಆದೇಶವನ್ನು ತೆಗೆದುಹಾಕಿದರು, ಕೊನೆಗೆ ಆಶ್ರಯ ಸಿಕ್ಕಿದ್ದು 2009ರಲ್ಲಿ. ಇದು ಹೀಗೇಕೆ ಉಯ್ಯಾಲೆಯಾಡಿತು ಎಂದು ನಿಮಗೆ ಅನ್ನಿಸಬಹುದು. ಅಲ್ಲಿ ವಲಸೆ ನ್ಯಾಯಾಧೀಶರು ಸ್ವತಂತ್ರ ನ್ಯಾಯಾಂಗಕ್ಕೆ ಸೇರಿದವರಲ್ಲ. ಅವರೂ ಮೇಲ್ಮನವಿ ಮಂಡಳಿಯೂ ಸರ್ಕಾರದ ನ್ಯಾಯ ಇಲಾಖೆಯ ಅಧೀನ, ಇಲಾಖೆಯ ಮುಖ್ಯಸ್ಥರಾದ ಅಟಾರ್ನಿ ಜನರಲ್ ಅವರ ತೀರ್ಪನ್ನು ತಾವೇ ಬದಲಿಸಬಹುದು. 2014ರಲ್ಲಿ ಮಂಡಳಿ ಇಂಥ ಪತ್ನಿಯರಿಗೆ ಆಶ್ರಯದ ದಾರಿ ತೆರೆಯಿತು. 2018ರಲ್ಲಿ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಮುಚ್ಚಿದರು. 2021ರಲ್ಲಿ ಮೆರಿಕ್ ಗಾರ್ಲೆಂಡ್ ತೆರೆದರು. 2025ರಲ್ಲಿ ಪ್ಯಾಮ್ ಬಾಂಡಿ 2018ರ ತೀರ್ಪನ್ನೇ ಮರಳಿ ತಂದರು. ಈ ಎಲ್ಲ ವರ್ಷಗಳಲ್ಲಿ ಸಂಸತ್ತು ಮಾಡಿದ ಮೂಲ ಕಾಯಿದೆಯಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಮಾತೂ ಬದಲಾಗಲಿಲ್ಲ.

ಕಾಯಿದೆ ಹಾಗೆಯೇ ಇದ್ದರೂ ಜಾರಿಯ ರೀತಿ ಬದಲಾದರೆ ಸಾಕು, ದೂರು ಕೊಡುವವರು ಹಿಂಜರಿಯುತ್ತಾರೆ. 2017ರ ಫೆಬ್ರುವರಿಯಲ್ಲಿ ಟೆಕ್ಸಾಸಿನ ಎಲ್ ಪಾಸೊ ನಗರದ ನ್ಯಾಯಾಲಯಕ್ಕೆ ಸಂಗಾತಿಯ ವಿರುದ್ಧ ರಕ್ಷಣಾ ಆದೇಶ ಕೋರಿ ಬಂದ ಮಹಿಳೆಯೊಬ್ಬರನ್ನು ವಲಸೆ ಅಧಿಕಾರಿಗಳು ನ್ಯಾಯಾಲಯದ ಕಟ್ಟಡದಲ್ಲೇ ಹಿಡಿದರು. 2021ರ ಒಂದು ಸರ್ಕಾರಿ ಸೂಚನೆ, ಶಾಲೆ, ಆಸ್ಪತ್ರೆ, ಮಹಿಳಾ ಆಶ್ರಯಧಾಮಗಳಂಥ ಜಾಗಗಳಲ್ಲಿ ಸಾಧ್ಯವಾದಷ್ಟು ಇಂಥ ಕ್ರಮ ಬೇಡವೆಂದಿತ್ತು. 2025ರ ಜನವರಿಯಲ್ಲಿ ಅದನ್ನು ಹಿಂತೆಗೆದುಕೊಂಡರು. ಇಂಥ ಸುದ್ದಿ ಒಂದು ಮನೆಯ ಅಡುಗೆಕೋಣೆಗೆ ತಲುಪಲು ಎಷ್ಟು ಹೊತ್ತು ಬೇಕು? ಮನೆಯಲ್ಲಿರುವ ಗಂಡನೇ ತಲುಪಿಸುತ್ತಾನೆ.

ಕೊನೆಯದಾಗಿ ಕರ್ನಾಟಕಕ್ಕೆ ಹತ್ತಿರವಾದ ಸಂಗತಿ. ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ಸಾಫ್ಟ್‌ವೇರ್ ಕೆಲಸಕ್ಕೆ ಹೋದವರು ಬಹುಮಟ್ಟಿಗೆ 1990ರ ಕಾಯಿದೆ ರೂಪಿಸಿದ ಎಚ್-1ಬಿ ವೀಸಾದಲ್ಲಿ ಹೋದವರು. ಅವರ ಪತ್ನಿಗೆ ಸಿಗುವುದು ಎಚ್-4. ಗಂಡ ಪ್ರಜೆಯೂ ಅಲ್ಲ, ಗ್ರೀನ್ ಕಾರ್ಡಿನವನೂ ಅಲ್ಲವಾದ್ದರಿಂದ 1994ರ ಸ್ವಂತ ಅರ್ಜಿಯ ಹಕ್ಕು ಈಕೆಗೆ ಇಲ್ಲ. ಭಾರತೀಯರಿಗೆ ಗ್ರೀನ್ ಕಾರ್ಡಿನ ಸರದಿ ಹಲವಾರು ವರ್ಷ ಹಿಡಿಯುತ್ತದೆ. ಅಷ್ಟೂ ಕಾಲ ಎಂಜಿನಿಯರಿಂಗ್ ಓದಿದವಳೂ ಎಂ.ಎ. ಮಾಡಿದವಳೂ ಗಂಡನ ವೀಸಾದ ಬಾಲವಾಗಿರಬೇಕು. 2015ರವರೆಗೆ ಎಚ್-4ರಲ್ಲಿ ಇದ್ದವರು ಕೆಲಸ ಮಾಡುವಂತೆಯೇ ಇರಲಿಲ್ಲ. ಆ ವರ್ಷ ಬಂದ ನಿಯಮ, ಗಂಡನ ಗ್ರೀನ್ ಕಾರ್ಡಿನ ಪ್ರಕ್ರಿಯೆ ಒಂದು ಹಂತ ದಾಟಿದ್ದರೆ ಹೆಂಡತಿಗೆ ಕೆಲಸದ ಪರವಾನಗಿ ಕೊಟ್ಟಿತು. ಅಲ್ಲಿಯೂ ಆಧಾರ ಗಂಡನ ಕಾಗದವೇ.

ಹಿಂಸೆಗೊಳಗಾದ ಎಚ್-4 ಪತ್ನಿಯರು ಗಂಡನ ಹಂಗಿಲ್ಲದೆ ಕೆಲಸದ ಪರವಾನಗಿ ಕೇಳಬಹುದು ಎಂದು ಸಂಸತ್ತು ಅದಕ್ಕೂ ಮೊದಲೇ ತೀರ್ಮಾನಿಸಿತ್ತು. 2006ರ ಜನವರಿ 5ರಂದು ಅಧ್ಯಕ್ಷ ಬುಷ್ ಅದಕ್ಕೆ ಅಂಕಿತ ಹಾಕಿದರು. ಆದರೆ ಅರ್ಜಿ ಹಾಕಲು ನಮೂನೆ ಇರಲಿಲ್ಲ. ಐ-765ವಿ ಎಂಬ ಆ ನಮೂನೆ ಹೊರಬಂದದ್ದು 2017ರಲ್ಲಿ. 2006ರಲ್ಲಿ ಮದುವೆಯಾಗಿ ಹೋದವಳ ಮಗು ಅಷ್ಟು ಹೊತ್ತಿಗೆ ಮಾಧ್ಯಮಿಕ ಶಾಲೆ ಸೇರುವ ವಯಸ್ಸಿಗೆ ಬಂದಿರುತ್ತದೆ. ಈ ನಮೂನೆಯಲ್ಲಿ ಒಂದೇ ರುಜು ಸಾಕು, ಆಕೆಯದು. ಅದು ಒಪ್ಪಿಗೆಯಾದರೆ ಆಕೆ ದುಡಿಯಬಹುದು, ಬಾಡಿಗೆ ಕಟ್ಟಬಹುದು. ಆ ದೇಶದಲ್ಲಿ ಉಳಿಯುವ ಹಕ್ಕನ್ನು ಮಾತ್ರ ಅದು ಕೊಡುವುದಿಲ್ಲ. ವಿಚ್ಛೇದನವಾದರೆ ಎಚ್-4 ಅಲ್ಲಿಗೆ ಮುಗಿಯುತ್ತದೆ.